ಫರ್ನೇಸಿಗೆ ಹೋದ ಗರಿಗಳು

ಮೊದಲೇ ಹೇಳಿಬಿಡುತ್ತೇನೆ. ಈ ವಾರ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ನನಗೇ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಒಬ್ಬ ಹೆಂಗಸು ತೊಟ್ಟಿಲ ಪಕ್ಕ ನಿಂತು ಒಂದು ಒಣಗಿದ ತೆಂಗಿನ ಗರಿಯನ್ನು ಉದ್ದಕ್ಕೆ ಸೀಳುತ್ತಿದ್ದಾರೆ. ಚರ್ ಅನ್ನುವ ಸದ್ದೂ ಕೇಳಿಸುತ್ತದೆ. ಅಮ್ಮನ ಪ್ರಕಾರ ಅವರು ಸೀಳಲೇ ಇಲ್ಲ, ಇಡೀ ಗರಿಯನ್ನೇ ಕೊಟ್ಟರು. ಅಕ್ಕನ ಪ್ರಕಾರ ಅವರು ಏನನ್ನೂ ಕೊಡಲಿಲ್ಲ.

ಮೂವರೂ ಆಗ ಒಂದೇ ಮನೆಯಲ್ಲಿದ್ದವರು. ಹೀಗಾದರೆ ಚರಿತ್ರೆ ಬರೆಯುವವರ ಗತಿಯೇನು?

ಜಗಳ ಶುರುವಾದದ್ದು ಹೋದ ಭಾನುವಾರ, ಅಕ್ಕನ ಮನೆಯಲ್ಲಿ. ಅಮ್ಮ ಈಗ ಅಲ್ಲೇ ಇರುವುದು. ತಪಸ್ಸು ಕಾಲ ಹತ್ತಿರ ಬಂದಿದೆ (ಗೊತ್ತಿಲ್ಲದವರಿಗೆ: ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತ. ಕೆಥೋಲಿಕರು ಒಂದು ಬುಧವಾರ ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡು ಅದನ್ನು ಆರಂಭಿಸುತ್ತಾರೆ. ನಾನು ಹಾಕಿಸಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು, ಆ ಮಾತು ಬೇರೆ). ಗೋಡೆಯ ಶಿಲುಬೆಯ ಹಿಂದೆ ಸಿಕ್ಕಿಸಿದ್ದ ಹೋದ ವರ್ಷದ ಗರಿಯನ್ನು ತೆಗೆದು, ಚರ್ಚಿಗೆ ಕೊಡಲು ಅಮ್ಮ ಕವರಿಗೆ ಹಾಕುತ್ತಿದ್ದಳು. ಅಕ್ಕ ಸುಮ್ಮನಿರಬಾರದೇ?

"ಯಾಕಮ್ಮ ಅಷ್ಟು ಕಷ್ಟ ಪಡ್ತೀಯ? ಬಚ್ಚಲ ಒಲೆ ಬೂದಿ ತಗೊಂಡ್ ಹೋಗು. ಆ ವರ್ಷ ಇಡೀ ಚರ್ಚಿಗೆ ಅದನ್ನೇ ತಾನೆ ಬಳಿಸಿದ್ದು?"

ಅಮ್ಮ ನಗಲಿಲ್ಲ. ಕವರನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆ ವರ್ಷ ಅಂದರೆ ತೊಂಬತ್ತರ ದಶಕದ ಒಂದು ವರ್ಷ. ನಾವು ಬೆಂಗಳೂರಿನ ರಾಜಗೋಪಾಲನಗರದಲ್ಲಿ ಬಾಡಿಗೆಗಿದ್ದೆವು. ಅಪ್ಪ ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಟರ್ನರ್. ಅಮ್ಮ ಆನೇಕಲ್ ಕಡೆಯ ಹಳ್ಳಿಯವಳು. ಅಲ್ಲಿಯ ಕಲ್ಲಿನ ಚರ್ಚು, ಗಂಟೆ ಗೋಪುರ ನೋಡಿ ಬೆಳೆದವಳಿಗೆ ಇಲ್ಲಿ ಸಿಕ್ಕಿದ್ದು ಶೀಟು ಹೊದಿಸಿದ ಒಂದು ಹಳೇ ಗೋಡೌನು. ಅದೇ ನಮ್ಮ ಚರ್ಚು. ಪಕ್ಕದಲ್ಲೇ ತಗಡು ಒತ್ತುವ ಪವರ್ ಪ್ರೆಸ್ ಇದ್ದ ಶೆಡ್ಡು. ಫಾದರ್ ಪ್ರಸಂಗ ಮಾಡುವಾಗ ನಡುನಡುವೆ ಧಡ್, ಧಡ್. ಫಾದರ್ ಆ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಕರೆಂಟು ಹೋಗಿ ಪ್ರೆಸ್ ನಿಂತರೆ ಅವರಿಗೆ ಮಾತು ತಪ್ಪುತ್ತಿತ್ತು.

ಆದರೆ ತಪಸ್ಸು ಕಾಲ ಬಂತೆಂದರೆ ಆ ಗೋಡೌನಿಗೂ ಒಂದು ಗಾಂಭೀರ್ಯ ಬರುತ್ತಿತ್ತು. ಹೆಂಗಸರು ಸೇರಿ ಪೀಠದ ಹೂಗಳನ್ನು ತೆಗೆಯುವರು. ಪ್ಲಾಸ್ಟಿಕ್ ಹಾರಗಳು ಟ್ರಂಕು ಸೇರುವವು. ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಚಿತ್ರಗಳ ಮೇಲೆ ಕೂತ ಲೋಹದ ಧೂಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುವರು (ಪೀಣ್ಯದಲ್ಲಿ ಸಂತರ ಮೇಲೂ ಲೋಹದ ಧೂಳೇ ಕೂರುವುದು). ಪೀಠಕ್ಕೆ ಹೊದಿಸುವ ನೇರಳೆ ಬಟ್ಟೆ ಇಸ್ತ್ರಿಯಾಗುವುದು. ಮಂಗಳವಾರ ಮನೆಮನೆಯಲ್ಲೂ ಮಟನ್ ಸಾರು, ಮತ್ತೆ ಈಸ್ಟರ್‌ವರೆಗೆ ಇಲ್ಲವಲ್ಲ ಎಂದು. ಆ ಸಾರಿನ ವಾಸನೆ ನನ್ನ ನೆನಪಿನಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಅದೊಂದನ್ನು ನಾನು ಅನುಮಾನಿಸುವುದಿಲ್ಲ.

ಮುಖ್ಯ ಕೆಲಸ ಬೂದಿಯದು. ಈಸ್ಟರ್‌ನ ಹಿಂದಿನ ಭಾನುವಾರ ಫಾದರ್ ಮಂತ್ರಿಸಿದ ತೆಂಗಿನ ಗರಿ ಹಿಡಿದು ಮೆರವಣಿಗೆ ಹೋಗುತ್ತೇವಲ್ಲ, ಆ ಗರಿಯನ್ನು ಎಲ್ಲರೂ ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ವರ್ಷವಿಡೀ ಅದು ಮನೆಗೆ ಕಾವಲು. ಮುಂದಿನ ತಪಸ್ಸು ಕಾಲಕ್ಕೆ ಮುಂಚೆ ಚರ್ಚಿಗೆ ತಂದು ಕೊಡಬೇಕು. ಅದನ್ನೇ ಸುಟ್ಟು ಬೂದಿ ಮಾಡುವುದು.

ಅದರ ಹಿಂದಿನ ವರ್ಷ ಅಂಗಳದಲ್ಲಿ ಬಾಣಲೆಯಿಟ್ಟು ಸುಟ್ಟಿದ್ದರು. ಅರ್ಧ ಸುಟ್ಟ ಕಡ್ಡಿಗಳು ಉಳಿದು, ಹಣೆಯಿಂದ ಉದುರಿ ಎಲ್ಲರ ಕಣ್ಣಿಗೂ ಬಿದ್ದಿದ್ದವು. ಹಾಗಾಗಿ ಈ ಸಲ ಇನ್ನಾಸಪ್ಪ ಅಂಕಲ್ ಮುಂದೆ ಬಂದರು. ಅವರು ಒಂದು ಹೀಟ್ ಟ್ರೀಟ್‌ಮೆಂಟ್ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಗೇರು, ಶಾಫ್ಟು ಮುಂತಾದ ಉಕ್ಕಿನ ಭಾಗಗಳನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುವ ಕೆಲಸ.

"ಟಾಲ್ಕಂ ಪೌಡರ್ ಥರ ಮಾಡ್ಕೊಡ್ತೀನಿ ಬಿಡಿ ಫಾದರ್" ಎಂದು ಗರಿಗಳ ಮೂಟೆಯನ್ನು ಲೂನಾದ ಮೇಲಿಟ್ಟುಕೊಂಡು ಹೋದರು.

ಮಂಗಳವಾರ ಸಂಜೆ ನಮ್ಮ ಮನೆಗೆ ಬಂದರು. ಪೀಠದ ಜವಾಬ್ದಾರಿ ಅಮ್ಮನದು, ಹಾಗಾಗಿ ನಮ್ಮ ಮನೆಗೆ. ಕೈಯಲ್ಲಿ ಖಾಲಿ ಟ್ರೇ. ನೆಕ್ಕಿಟ್ಟ ತಟ್ಟೆಯ ಹಾಗಿತ್ತು.

ನಡೆದದ್ದು ಇಷ್ಟು. ಆ ಫರ್ನೇಸಿನ ಒಳಗೊಂದು ಫ್ಯಾನ್ ಇರುತ್ತದೆ, ಬಿಸಿಗಾಳಿಯನ್ನು ಎಲ್ಲ ಕಡೆ ತಿರುಗಿಸಲು. ಗರಿಗಳು ಚೆನ್ನಾಗಿಯೇ ಸುಟ್ಟವು, ಪೌಡರೂ ಆದವು. ಆ ಪೌಡರನ್ನು ಫ್ಯಾನು ಎತ್ತಿ ಚಿಮಣಿಗೆ ದಾಟಿಸಿತು. ನಮ್ಮ ಇಡೀ ಚರ್ಚಿನ ತಪಸ್ಸು ಕಾಲ ಪೀಣ್ಯದ ಆಕಾಶಕ್ಕೆ ಹೋಗಿತ್ತು. ಇಷ್ಟು ವರ್ಷ ಅದೇ ಫರ್ನೇಸಿನ ಮುಂದೆ ನಿಂತವರಿಗೆ ಫ್ಯಾನ್ ಹೇಗೆ ಮರೆತುಹೋಯಿತು ಎಂದು ಅಮ್ಮ ಕೇಳಿದಳು. ಇನ್ನಾಸಪ್ಪ ಅಂಕಲ್ ತಲೆ ತಗ್ಗಿಸಿ ಹೇಳಿದ ಮಾತು ನಮ್ಮ ಮೂವರಿಗೂ ಒಂದೇ ರೀತಿ ನೆನಪಿದೆ:

"ಕಬ್ಬಿಣ ಹಾರಲ್ವಲ್ಲ ಅಕ್ಕ."

(ಆಮೇಲೆ ಅವರು ಸಾಯುವವರೆಗೂ ಫ್ಯಾನ್ ಇನ್ನಾಸಪ್ಪ ಆಗಿಯೇ ಉಳಿದರು. ಅವರ ಮಗಳ ಮದುವೆಯಲ್ಲೂ ಬೀಗರಿಗೆ ಹಾಗೇ ಪರಿಚಯಿಸಿದ್ದರು.)

ಫಾದರ್ ಯಾರದೋ ಸಾವಿಗೆ ದೂರದ ಊರಿಗೆ ಹೋಗಿದ್ದರು. ಬೆಳಗಿನ ಜಾವದ ಪೂಜೆಯ ಹೊತ್ತಿಗಷ್ಟೇ ಬರುವವರು. ಫಸ್ಟ್ ಶಿಫ್ಟಿಗೆ ಹೋಗುವವರಿಗೆಂದೇ ಇಟ್ಟ ಪೂಜೆ ಅದು. ಯಾರ ಮನೆಯಲ್ಲೂ ಗರಿ ಉಳಿದಿಲ್ಲ, ಎಲ್ಲ ಮೂಟೆ ಸೇರಿದ್ದವು. ಆಗ ನಾನು ಬಿ.ಎಸ್ಸಿ. ಓದುತ್ತಿದ್ದೆ. ಯಾವ ಎಲೆ ಸುಟ್ಟರೂ ಬೂದಿ ಬೂದಿಯೇ, ಅದರಲ್ಲಿ ಪೊಟ್ಯಾಶಿಯಂ ಕಾರ್ಬೊನೇಟ್ ಅಲ್ಲದೆ ಇನ್ನೇನಿರುತ್ತದೆ ಎಂದೆ.

ಆಮೇಲೆ ಅಮ್ಮನಿಗೆ ನೆನಪಾಯಿತು. ಒಂದು ಗರಿ ಇದೆ. ಮಹಡಿ ಮೇಲಿದೆ.

ಮಹಡಿ ಮೇಲಿದ್ದವರು ನೀಲಕ್ಕ. ರಾಣೆಬೆನ್ನೂರು ಕಡೆಯವರು, ಲಿಂಗಾಯತರು. ಗಂಡ ಪೀಣ್ಯದಲ್ಲೇ ಎಂಜಿನಿಯರ್. ಎರಡು ಸಲ ಬಸಿರು ನಿಲ್ಲದೆ ಕಂಗಾಲಾಗಿದ್ದರು. ಮೂರನೆಯ ಸಲ ಶುರುವಿನಲ್ಲಿದ್ದಾಗಲೇ ಗರಿಗಳ ಭಾನುವಾರ ಬಂದಿತ್ತು. ಅಮ್ಮ ಮೆರವಣಿಗೆಯಿಂದ ಬಂದವಳೇ ತನ್ನ ಗರಿಗಳಲ್ಲೊಂದನ್ನು ಮೇಲೆ ಕೊಟ್ಟು, ತಲೆಯ ಹತ್ತಿರ ಇಟ್ಟುಕೊಳ್ಳಿ ಅಂದಿದ್ದಳು. ಮಗು ಹುಟ್ಟಿತು, ವೀಣಾ. ಗರಿ ತೊಟ್ಟಿಲಿಗೆ ಬಂತು. ಆ ಮಂಗಳವಾರ ವೀಣಾ ಇನ್ನೂ ಮಗುಚಿಕೊಳ್ಳಲು ಕಲಿತಿರಲಿಲ್ಲ.

ಅಮ್ಮ ನನ್ನನ್ನೂ ಕರೆದುಕೊಂಡು ಹತ್ತಿದಳು. ಓದಿದವನು, ವಿವರಿಸುತ್ತಾನೆ ಎಂದು. ನಾನೇನು ವಿವರಿಸಲಿ? ಅಮ್ಮನೇ ಹೇಗೋ ಕೇಳಿದಳು. ನೀಲಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಬದಲಾಯಿತು.

"ನೀವ ಕೊಟ್ರಿ, ನೀವ ಕೇಳಾಕತ್ತೀರಿ. ಕೂಸಿನ ತೊಟ್ಟಿಲದಾಗಿಂದ ತಗದು ಸುಡಾಕ ಕೊಡ್ಲೇನ್ರೀ?"

ಅಮ್ಮ ಬೇಡ ನೀಲಕ್ಕ, ಕೇಳಿದ್ದೇ ತಪ್ಪಾಯಿತು ಅಂದು ತಿರುಗಿದಳು. ಬಾಗಿಲ ತನಕ ಬಂದಿದ್ದೆವು. ಹಿಂದಿನಿಂದ ಚರ್ ಅನ್ನುವ ಸದ್ದು.

ನನ್ನ ನೆನಪಿನಲ್ಲಿ ನೀಲಕ್ಕ ಗರಿಯನ್ನು ನಡುವಿನ ಕಡ್ಡಿಯ ಗುಂಟ ಸೀಳಿ, ಕಡ್ಡಿಯಿಲ್ಲದ ಅರ್ಧವನ್ನು ಅಮ್ಮನ ಕೈಗಿಟ್ಟರು.

"ಕಡ್ಡಿ ಇದ್ದದ್ದು ಕೂಸಿಗಿರ್ಲಿ."

ಅರ್ಧ ಗರಿ ಸುಟ್ಟರೆ ಎಷ್ಟು ಬೂದಿ ಬಂದೀತು? ಒಂದು ಚಿಟಿಕೆ. ಅಮ್ಮ ಬಚ್ಚಲ ಒಲೆಯ ಬೂದಿಯನ್ನು ಹಿಟ್ಟಿನ ಜರಡಿಯಲ್ಲಿ ಮೂರು ಸಲ ಸೋಸಿ, ಆ ಚಿಟಿಕೆಯನ್ನು ಅದರ ನಡುವೆ ಹಾಕಿ ಬೆರಳಲ್ಲಿ ಕಲಸಿದಳು. ನಾನು ಮತ್ತೆ ಮೂಗು ತೂರಿಸಿದೆ: ಇದರಲ್ಲಿ ಒಲೆಯ ಬೂದಿಯೇ ಜಾಸ್ತಿಯಲ್ಲವೇ?

"ಒಂದು ಪಾತ್ರೆ ಹಾಲಿಗೆ ಎಷ್ಟು ಹೆಪ್ಪು ಹಾಕ್ತೀವೋ?" ಅಂದಳು ಅಮ್ಮ.

ನಾನು ಹೋಗಿ ಬೂದಿಯ ತಟ್ಟೆಗೊಂದು ಮುಚ್ಚಳ ಹುಡುಕಿ ತಂದೆ.

ಬುಧವಾರ ಬೆಳಿಗ್ಗೆ ಫಾದರ್ ಆ ಬೂದಿಯನ್ನು ಮಂತ್ರಿಸಿ ಎಲ್ಲರ ಹಣೆಗೂ ಇಟ್ಟರು. ನುಣ್ಣಗಿದೆ ಎಂದು ಎಲ್ಲರೂ ಇನ್ನಾಸಪ್ಪ ಅಂಕಲ್‌ನನ್ನು ಹೊಗಳಿದರು (ಪಾಪ, ಅವರು ಎಲ್ಲಿ ನೋಡಬೇಕೋ ತಿಳಿಯದೆ ಶೀಟು ನೋಡುತ್ತಿದ್ದರು). ಅಲ್ಲಿಂದಲೇ ಟಿಫಿನ್ ಕ್ಯಾರಿಯರ್ ಹಿಡಿದು ಶಿಫ್ಟಿಗೆ ಓಡಿದ ಅಪ್ಪನಿಗೆ ಗೇಟಿನಲ್ಲಿ ಪ್ರತಿ ವರ್ಷದ ಪ್ರಶ್ನೆ: "ಏನ್ ಗುರು, ಬೆಳಿಗ್ಗೆನೇ ಹಣೆಗೆ ಗ್ರೀಸು?"

ಇದು ನನ್ನ ಕತೆ. ಹಲವು ಕಡೆ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಅನುಮಾನ ಶುರುವಾಗುವುದೇ ಅಲ್ಲಿ. ಇಷ್ಟು ಅಂದವಾಗಿರುವ ನೆನಪು ನಿಜವಿರಲು ಸಾಧ್ಯವೇ? ಕಡ್ಡಿಯ ಆ ಮಾತನ್ನು ನಾನೇ ಯಾವಾಗಲೋ ಸೇರಿಸಿರಬಾರದೇಕೆ? ನೀಲಕ್ಕ ಅರ್ಧ ಕೊಡುವ ಪೈಕಿಯಲ್ಲ, ಕೊಟ್ಟರೆ ಪೂರ್ತಿ ಕೊಡುವವರು ಎಂದು ಅಮ್ಮನ ವಾದ. ಅರ್ಧ ಅಂದರೆ ಗೆಳತಿಗೆ ಅವಮಾನ ಮಾಡಿದ ಹಾಗೆ. ಅಕ್ಕನದು ಇನ್ನೊಂದು. ನಾವು ಬರಿಗೈಯಲ್ಲಿ ಇಳಿದು ಬಂದೆವು, ಅಮ್ಮ ಒಲೆಯ ಬೂದಿಯನ್ನೇ ಸೋಸಿ ಕೊಟ್ಟಳು, ಅಷ್ಟೇ. ಆಗ ಅಕ್ಕ ಅಡುಗೆಮನೆಯಲ್ಲಿದ್ದಳು. ಜರಡಿ ಹಿಡಿದದ್ದು ಅವಳೇ.

ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತು. ಆದರೆ ಸೋಮವಾರ ಅಮ್ಮನ ಫೋನು ಬಂತು. ಅಕ್ಕನಿಗೆ ಕೇಳಿಸಬಾರದೆಂದು ತಗ್ಗಿದ ದನಿ.

"ಶನಿವಾರ ಪಾಪನಿವೇದನೆಗೆ ಹೋಗ್ತೀನಿ ಕಣೋ. ಅವಳು ಹೇಳಿದ್ದೇ ನಿಜ ಆಗಿದ್ರೆ? ಅಷ್ಟು ಜನಕ್ಕೆ ನಾನು ಮೋಸ ಮಾಡಿದ್ರೆ?"

ಮೂವತ್ತು ವರ್ಷದ ಹಿಂದೆ ಮಾಡಿದೆನೋ ಇಲ್ಲವೋ ನೆನಪಿಲ್ಲದ ಪಾಪಕ್ಕೆ ಈಗ ಮೊಣಕಾಲೂರಲು ಹೊರಟಿದ್ದಳು, ಮೊಣಕಾಲು ಮಡಚಲಾಗದ ನನ್ನ ಅಮ್ಮ. ನನಗೆ ಬೂದಿಯಲ್ಲಿ ನಂಬಿಕೆಯಿಲ್ಲ. ಅಮ್ಮ ಸುಳ್ಳು ಹೇಳುವವಳಲ್ಲ ಅನ್ನುವುದರಲ್ಲಿ ಇದೆ. ಗುರುವಾರ ಮೆಟ್ರೋ ಹತ್ತಿ ಪೀಣ್ಯದಲ್ಲಿಳಿದೆ.

ನೀಲಕ್ಕ ಅದೇ ಬೀದಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದಾರೆ. ಗೋಡೌನು ಹೋಗಿ ದೊಡ್ಡ ಚರ್ಚು ಬಂದಿದೆ, ಪವರ್ ಪ್ರೆಸ್ಸಿನ ಜಾಗದಲ್ಲಿ ಪಿ.ಜಿ. ಹಾಸ್ಟೆಲ್ಲು. ನೀಲಕ್ಕ ಚಹಾ ಕೊಟ್ಟರು, ಅಮ್ಮನ ಮೊಣಕಾಲು ವಿಚಾರಿಸಿದರು. ಫ್ಯಾನ್ ಇನ್ನಾಸಪ್ಪನ ಕತೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗರಿಯ ಮಾತಿಗೆ ಮಾತ್ರ ಅಡ್ಡಡ್ಡ ತಲೆಯಾಡಿಸಿದರು. ಕೊಟ್ಟರೋ ಇಲ್ಲವೋ ಅವರಿಗೂ ನೆನಪಿಲ್ಲ. ನಾಲ್ಕನೆಯ ಸಾಕ್ಷಿಯೂ ಕೈಕೊಟ್ಟಿತು.

"ಕೂಸಿನ ಸಾಮಾನು ಹೊರಗ ಒಗದಿಲ್ಲ ತಮ್ಮಾ, ತಡಿ ನೋಡೂಣು" ಅಂದು ಎದ್ದು, ದೇವರ ಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದರು. ಒಳಗೆ ವೀಣಾಳ ಕುಲಾವಿ, ಮಗುವಿನ ತಲೆಗೆ ತೊಡಿಸುವ ಟೊಪ್ಪಿಗೆ. ಈಚೆಗೆ ವೀಣಾಳ ಮಗನಿಗೂ ಅದನ್ನೇ ತೊಡಿಸಿದ್ದರಂತೆ. ಅದರ ಮಡಿಕೆಯಲ್ಲಿ ಏನೋ ಕಂದು ಬಣ್ಣದ್ದು. ಮುಟ್ಟಿದರೆ ಪುಡಿಯಾಗುತ್ತದೆಂದು ನಾನು ಬಗ್ಗಿ ನೋಡಿದೆ ಅಷ್ಟೇ.

ಇದರಿಂದ ಏನು ಸಾಬೀತಾಗುತ್ತದೆ? ಕೋರ್ಟಿಗೆ ಹೋದರೆ ಹೆಚ್ಚೇನಿಲ್ಲ. ಚಿಟಿಕೆ ಬೂದಿ ಆ ತಟ್ಟೆಗೆ ಬಿತ್ತೆಂದು ಅದು ಹೇಳುವುದಿಲ್ಲ. ಫಾದರ್‌ಗೆ ಗೊತ್ತಿತ್ತೇ ಎಂದು ಕೇಳೋಣವೆಂದರೆ ಅವರೂ ಈಗಿಲ್ಲ. ಆದರೂ ಹೊರಗೆ ಬಂದು, ಶನಿವಾರಕ್ಕೆ ಕಾಯದೆ, ಬೀದಿಯಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ. ನೆನಪನ್ನು ಬಿಟ್ಟು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿದೆ.

ಉದ್ದಕ್ಕೆ ಸೀಳಿದ ಗರಿ, ಕಡ್ಡಿಯಿರುವ ಅರ್ಧ ಮಾತ್ರ ಇದೆ.