ವಾಯಿದೆರಾಯರ ಗೋಡೆ

ಮೂವತ್ತು ಸರ್ವರ್‌ಗಳು ಒಂದೇ ಶ್ರುತಿ ಹಿಡಿದಂತೆ ಗುಂಯ್‌ಗುಡುವ ಆ ತಣ್ಣನೆಯ ಕೋಣೆಗೆ ವಾಯಿದೆರಾಯರೇ ಯಜಮಾನರು. ಹೆತ್ತವರು ಇಟ್ಟ ಹೆಸರು ಬೇರೆಯೇ, ಆದರೆ ಅದರ ವಾಯಿದೆ ಮುಗಿದು ವರ್ಷಗಳಾದವು. ಹಿಂದೊಮ್ಮೆ ಯಾವುದೋ ಸಾಫ್ಟ್‌ವೇರಿನ ಲೈಸೆನ್ಸು ಹೇಳದೆ ಕೇಳದೆ ಮುಗಿದುಹೋಗಿ, ಸೋಮವಾರ ಬೆಳಗ್ಗೆ ಮೂವತ್ತೂ ಒಟ್ಟಿಗೆ ಮುಷ್ಕರ ಹೂಡಿದವು. ಮಾರಿದವರ ಕೈಕಾಲು ಹಿಡಿದು ರಾಯರು ಹೇಗೋ ಎಬ್ಬಿಸಿದರು. ಕೊನೆಯ ದಿನಾಂಕ ಅಡಗಿದ್ದದ್ದು ಲೈಸೆನ್ಸು ಪತ್ರದ ಏಳನೆಯ ಪುಟದ ಮೂಲೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಅಂದಿನಿಂದ ಗೋಡೆಯ ದೊಡ್ಡ ಪರದೆಯ ಮೇಲೆ ಪ್ರತಿ ಲೈಸೆನ್ಸಿನ ಕೊನೆಯ ದಿನವೂ ಕುಂಬಳಕಾಯಿ ಗಾತ್ರದಲ್ಲಿ ಕೂತಿರುತ್ತದೆ. “ಕಣ್ಣಿಗೆ ಬೀಳ್ಲಿ ಬಿಡ್ರಿ, ಕಾಲಿಗೆ ಬೀಳೋದು ತಪ್ಪುತ್ತೆ” ಎಂಬುದು ಅವರ ಮಂತ್ರ. ಚಟ ಮನೆಗೂ ಹಬ್ಬಿತು. ಹಾಲಿನ ಪೊಟ್ಟಣ, ಕೆಮ್ಮಿನ ಔಷಧಿಗಳ ದಿನಾಂಕ ನೋಡಿ ಮುಗಿಸಿ, ಹೆಂಡತಿಯ ಸಿಟ್ಟಿಗೂ ಕೊನೆಯ ದಿನ ಕೇಳಿದರೆ, “ನಂದು ಆಜೀವ ಲೈಸೆನ್ಸು ಕಣ್ರೀ” ಎಂದಳು ಆಕೆ. ಇಷ್ಟಾದರೂ ರಾಯರ ಕೊರಳಿನ ಗುರುತಿನ ಕಾರ್ಡು ಮಾತ್ರ ಸದಾ ಎದೆಗೆ ಮುಖ ಮಾಡಿ ನೇತಾಡುತ್ತದೆ. ನಿನ್ನೆ ಏಸಿಯ ಗಾಳಿಗೆ ಅದು ತಿರುಗಿಕೊಂಡಾಗ, ಜೊತೆಗೆ ಸರ್ವರ್ ನೋಡಿಕೊಳ್ಳುವ ಹುಡುಗಿ ಬಗ್ಗಿ ಓದಿಯೇಬಿಟ್ಟಳು. ಕಾರ್ಡಿನ ಅವಧಿ ಈ ತಿಂಗಳ ಕೊನೆಗೆ, ರಾಯರ ನಿವೃತ್ತಿಯ ದಿನಕ್ಕೆ ಮುಗಿಯುತ್ತಿತ್ತು. “ಸಾರ್, ಇದು ಗೋಡೆ ಮೇಲೆ ಇಲ್ವಲ್ಲ?” ರಾಯರು ಕಾರ್ಡನ್ನು ಮೆಲ್ಲಗೆ ಎದೆಗೆ ತಿರುಗಿಸಿಕೊಂಡರು. “ರಿನ್ಯೂ ಆಗೋದನ್ನ ಮಾತ್ರ ಗೋಡೆಗೆ ಹಾಕೋದಮ್ಮ.”