ಬುಧವಾರದ ಎಂಜಲು

ಹಾನಗಲ್ಲಿನ ಕಾನ್ವೆಂಟಿನಲ್ಲಿ ಹುಡುಗಿಯರಿಗೆ ಅಡುಗೆ ಕಲಿಸುವ ಶಾಲೆಯೊಂದಿದೆ. ಮದುವೆಗೆ ಮೊದಲು ನಾನು ಅಲ್ಲಿ ಒಂದು ವರ್ಷದ ಕೋರ್ಸ್ ಮುಗಿಸಿದ್ದೆ. ಈಚಿನ ಕೆಲವು ವರ್ಷಗಳಿಂದ ಪ್ರತಿ ಬುಧವಾರ ಸವಣೂರಿನಿಂದ ಹೊರಟು, ಬಂಕಾಪುರದಲ್ಲಿ ಬಸ್ ಬದಲಿಸಿ, ಅಲ್ಲಿಗೆ ಹೋಗಿ ಪುಕ್ಕಟೆ ಪಾಠ ಮಾಡಿ ಬರುತ್ತಿದ್ದೆ. ಓಲ್ಡ್ ಸ್ಟೂಡೆಂಟ್ಸ್ ಪೈಕಿ ಕೆಲವರು ಮಿಕ್ಸರ್ ಕೊಟ್ಟಿದ್ದಾರೆ, ಒಬ್ಬಳು ಓವನ್ ಕೊಟ್ಟಿದ್ದಾಳೆ. ನಾನು ಟೈಮ್ ಕೊಡುತ್ತೇನೆಂದು ಈಗಿನ ಸಿಸ್ಟರ್‌ಗೆ ಹೆಮ್ಮೆ. ಎಲ್ಲವನ್ನೂ ಅವರು ಗ್ರ್ಯಾಟಿಟ್ಯೂಡ್ ಎಂದುಕೊಂಡಿದ್ದಾರೆ. ಬೇರೆಯವರ ವಿಷಯ ನನಗೆ ಗೊತ್ತಿಲ್ಲ. ಫ್ರ್ಯಾಂಕ್ಲಿ, ನಾನು ಹೋಗುತ್ತಿದ್ದದ್ದು ರುಚಿ ನೋಡಲಿಕ್ಕೆ.

ನಮ್ಮ ಮನೆಯಲ್ಲಿ ಮಾಡಿದ ಅಡುಗೆ ಮೊದಲು ಪೂಜೆಯ ಎಡೆಗೆ ಹೋಗಬೇಕು. ಅಲ್ಲಿಯವರೆಗೆ ಒಂದು ಹನಿಯೂ ಯಾರ ನಾಲಿಗೆಗೂ ತಾಗಕೂಡದು, ತಾಗಿದರೆ ಎಂಜಲು. ಸೊಸೆಯಾಗಿ ಬಂದ ವಾರವೇ ನಾನು ಸಾರಿನ ಹನಿಯೊಂದನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದ್ದಕ್ಕೆ ಅತ್ತೆ ಇಡೀ ಪಾತ್ರೆಯನ್ನು ಎಮ್ಮೆಯ ಮುಂದೆ ಸುರಿದಿದ್ದರು. ಅಂದಿನಿಂದ ಉಪ್ಪು ಕೈಯಂದಾಜು, ಖಾರ ಮೂಗಿನಂದಾಜು. ನಮ್ಮ ಕಾಲದ ಸಿಸ್ಟರ್ ಮಂಗಳೂರಿನವರು, "ರುಚಿ ನೋಡದೆ ಬಡಿಸುವವಳು ಕುಕ್ ಅಲ್ಲ, ಪೋಸ್ಟ್‌ಮನ್!" ಎಂದು ಬೈಯುತ್ತಿದ್ದರು. ಅವರ ಫಸ್ಟ್ ಕ್ಲಾಸ್ ವಿದ್ಯಾರ್ಥಿನಿ ಐವತ್ತು ವರ್ಷ ಪೋಸ್ಟ್‌ಮನ್ ಆಗಿಯೇ ಉಳಿದಳು.

ಕ್ಲಾಸಿಗೆ ಬರುವ ಹುಡುಗಿಯರೂ ಇಂಥದೇ ಮನೆಗಳವರು. ಮಾಸೂರಿನ ಹುಡುಗಿಯೊಬ್ಬಳು ಚಮಚವನ್ನು ತುಟಿಯತನಕ ತಂದು ಹಿಂದಕ್ಕೆಳೆದುಕೊಂಡಳು.

"ಎಂಜಲ ಆಕ್ಕೈತ್ರಿ ಟೀಚರ್. ಅವ್ವ ಬೈತಾಳ."

"ನಿಮ್ಮವ್ವ ಇಲ್ಲೆಲ್ಲಿ ಅದಾಳವಾ? ಸೌಟಿನಿಂದ ಚಮಚಕ್ಕ ಸುರುವಿಕೋ. ಚಮಚ ಅಷ್ಟ ಬಾಯಿಗೆ. ಸೌಟು ಶುದ್ಧನ ಉಳೀತು, ಹೌದಿಲ್ಲೊ?"

"ನೀವೂ ಮನ್ಯಾಗ ಹಿಂಗ ಮಾಡ್ತೀರೇನ್ರಿ?"

ಎಲ್ಲರೂ ನಕ್ಕರು. "ಉಪ್ಪು ಕಡಿಮಿ ಆಗೇತಿ, ಹಾಕು," ಎಂದು ಮಾತು ಮರೆಸಿದೆ.

ಹೋದ ತಿಂಗಳು ಒಂದು ಗುರುವಾರ ಮನೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಹಿಂದಿನ ದಿನದ ಕ್ಲಾಸಿನ ಗುಂಗು ಕೈಯಲ್ಲೇ ಉಳಿದಿತ್ತೋ ಏನೋ, ಸೌಟಿನಿಂದ ಚಮಚಕ್ಕೆ, ಚಮಚದಿಂದ ಬಾಯಿಗೆ. ಬೆಲ್ಲ ಕರೆಕ್ಟಾಗಿತ್ತು. ತಿರುಗಿದರೆ ಬಾಗಿಲಲ್ಲಿ ನಮ್ಮ ಮನೆಯವರು, ವಿಭೂತಿ ಹಚ್ಚಿಕೊಂಡು ಪೂಜೆಗೆ ಸಿದ್ಧರಾಗಿ ನಿಂತಿದ್ದರು.

"ಹಾನಗಲ್ಲಿಗೆ ಕಲಿಸಾಕ ಹೊಕ್ಕೀಯೋ, ಕೆಡಾಕ ಹೊಕ್ಕೀಯೋ?"

ಅಂದು ಅವರು ಬರೇ ಹಾಲು ಕುಡಿದರು. ಸಂಜೆ ಕರೆದು, ದನಿ ಏರಿಸದೆ ಹೇಳಿದರು: "ಹೋಗಬ್ಯಾಡ ಅನ್ನಂಗಿಲ್ಲ ನಾ. ಖುಷಿಯಿಂದ ಹೋಗು. ಆದ್ರ ಇನ್ನ ಮ್ಯಾಲೆ ಅಡಗಿ ಸೊಸಿ ನೋಡ್ಕೊಳ್ಳಲಿ. ನೀ ಒಲಿ ಮುಟ್ಟಬ್ಯಾಡ."

"ಹೌದ್ರಿ ಅತ್ತಿ, ಭಾಳ ದುಡದೀರಿ. ಆರಾಮ ಟೀವಿ ನೋಡ್ಕೋತ ಕುಂದರ್ರಿ," ಎಂದು ಸೊಸೆ ಪ್ರೀತಿಯಿಂದಲೇ ಅಂದಳು. ರಿಮೋಟನ್ನೂ ಕೈಗಿಟ್ಟಳು.

ಬಾಗಿಲು ತೆರೆದೇ ಇತ್ತು. ಇಷ್ಟು ವರ್ಷ ಶಪಿಸಿದ ಅಡುಗೆಮನೆಯಿಂದ ಬಿಡುಗಡೆ, ಮೇಲೆ ಬುಧವಾರವೂ ಸಿಗುತ್ತಿತ್ತು. ಎದ್ದು ಕುಣಿಯಬೇಕಿತ್ತು ನಾನು. ಆದರೆ ಮರುದಿನ ಸೊಸೆ ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದಳು. ಎಲ್ಲರೂ ಚೆನ್ನಾಗಿದೆ ಎಂದು ಉಂಡೆದ್ದರು. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಆ ಒಲೆ ಬಿಟ್ಟರೆ ಈ ಮನೆಯಲ್ಲಿ ನಾನು ಯಾರು? ಮೂರನೆಯ ದಿನ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದೆ. "ನಾನ ಮಾಡ್ತೇನ್ರಿ. ಹಾನಗಲ್ಲ ಬಿಟ್ಟೆ," ಅಂದೆ. ಮನೆಯವರು ತಲೆಯಾಡಿಸಿದರು, ಅಷ್ಟೇ.

ಬುಧವಾರ ಸಿಸ್ಟರ್ ಫೋನ್ ಮಾಡಿದರು. ಜ್ವರ ಎಂದು ಸುಳ್ಳು ಹೇಳಿದೆ.

"ಪ್ಲೀಸ್ ಟೇಕ್ ರೆಸ್ಟ್. ನೀವು ನಮಗೆ ಎಷ್ಟೊಂದು ಕೊಟ್ಟಿದ್ದೀರಿ."

ಇಲ್ಲ ಸಿಸ್ಟರ್, ತಗೊಳ್ಳೋಕೇ ಬರ್ತಿದ್ದೆ ಎನ್ನಬೇಕೆನಿಸಿತು. ಅವರ ಹಿಂದೆ ಹುಡುಗಿಯರ ಗದ್ದಲ, ಯಾರದೋ ನಗು. ಇತ್ತ ಪೂಜೆಯ ಗಂಟೆ ಕೇಳಿಸಿತು. ಎಡೆಗೆ ತಡವಾಗಿತ್ತು. ಥ್ಯಾಂಕ್ಯೂ ಎಂದು ಫೋನ್ ಇಟ್ಟೆ.