ಪಾಳಿ ವಹಿಯಲ್ಲಿ ಮಾಳವ್ವನ ಮೂರನೆಯ ಗೆರೆ

ಮಾಳವ್ವನ ಹೆಸರಿನ ಮುಂದೆ ಮೂರನೆಯ ಗೆರೆ ಎಳೆದವಳು ನಾನು. ಆ ಗೆರೆ ಸುಳ್ಳು. ಅದರ ಕೆಳಗೆ ಬರೆದ ತಾರೀಖಿನಂದು ಆಕೆ ಆಟ ಆಡಿಸಿರಲಿಲ್ಲ, ಶಾಲೆಗೇ ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ಎಳೆದೆ. ಏಳು ವರ್ಷವಾಯಿತು, ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ.

ದಿನಚರಿ ಬರೆಯುವುದು ನನ್ನ ಹಳೆಯ ಅಭ್ಯಾಸ. ಗೆರೆ ಎಳೆದ ಮರುದಿನದ ಪುಟ ತೆಗೆದು ನೋಡಿದೆ. ‘ಸಾಹೇಬರ ಭೇಟಿ. ಆಟ ಚೆನ್ನಾಗಿ ನಡೆಯಿತು. ಗದ್ದಲವಿಲ್ಲ.’ ಮೂರು ವಾಕ್ಯ, ಮೂರೂ ನಿಜ. ಮೋಸವನ್ನು ಎಷ್ಟು ಅಚ್ಚುಕಟ್ಟಾಗಿ ನಿಜದಲ್ಲಿ ಸುತ್ತಿಟ್ಟಿದ್ದೆ ಎಂದು ನೋಡಿ ನನಗೇ ಹೇಸಿಗೆಯಾಯಿತು.

ಅದು ೧೯೭೧. ಸಿಂದಗಿಯಿಂದ ಮೋರಟಗಿಯ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು, ಹೆಸರು ಬೇಡ. ನನಗೆ ಇಪ್ಪತ್ತು ವರ್ಷ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾಲ್ಕನೆಯ ವರ್ಗ, ಮೂವತ್ತೆಂಟು ಮಕ್ಕಳು. ನನ್ನ ದನಿ ಮೊದಲಿನಿಂದಲೂ ಸಣ್ಣದು. ಕೂಗಿದರೆ ಒಡೆಯುತ್ತದೆ, ಮಕ್ಕಳು ನಗುತ್ತವೆ. ಮೊದಲ ವಾರವೇ ಪಕ್ಕದ ವರ್ಗದ ಮಾಸ್ತರರು ಬಾಗಿಲಲ್ಲಿ ನಿಂತು, “ಅಕ್ಕೋರ, ಒಳಗ ಸಂತಿ ನೆರದೈತೇನ್ರಿ? ನನಗೂ ಅರ್ಧ ಕಿಲೋ ಬದನಿಕಾಯಿ ತೂಗ್ರಿ” ಎಂದಿದ್ದರು.

ದನಿ ಇಲ್ಲದವಳು ಬೇರೆ ದಾರಿ ಹುಡುಕಲೇಬೇಕು. ಹುಡುಕಿದೆ. ಗದ್ದಲವಾದರೆ ಸುಮ್ಮನೆ ಬಲಗೈ ಎತ್ತಿ ನಿಲ್ಲುತ್ತಿದ್ದೆ. ಕಂಡ ಮಕ್ಕಳು ತಾವೂ ಕೈ ಎತ್ತಿ ಬಾಯಿ ಮುಚ್ಚಬೇಕು, ಅಷ್ಟೇ. ಎಲ್ಲ ಕೈಗಳೂ ಮೇಲೇಳಲು ಎಷ್ಟು ಹೊತ್ತು ಹಿಡಿಯಿತು ಎಂದು ಮನಸ್ಸಿನಲ್ಲೇ ಎಣಿಸಿ ದಿನಾ ಬರೆದಿಡುತ್ತಿದ್ದೆ. ಜೂನ್‌ನಲ್ಲಿ ಇನ್ನೂರರ ಮೇಲೆ ಹೋಗುತ್ತಿದ್ದ ಎಣಿಕೆ ದೀಪಾವಳಿಯ ಹೊತ್ತಿಗೆ ಹದಿನೈದಕ್ಕೆ ಇಳಿದಿತ್ತು.

ದಿನದ ಕೊನೆಯ ಅರ್ಧ ಗಂಟೆ ಶಬ್ದದಾಟ. ಮಕ್ಕಳು ಎರಡು ಸಾಲು. ಒಬ್ಬರು ಹಲಗೆಯ ಹತ್ತಿರ ನಿಂತು ಆಡಿಸುವವರು. ಅವರು ಒಂದು ಅಕ್ಷರ ಹೇಳಿದರೆ ಆ ಅಕ್ಷರದಿಂದ ಶುರುವಾಗುವ ಶಬ್ದ ಗೊತ್ತಿದ್ದವರು ಕೈ ಎತ್ತಬೇಕು. ಯಾರ ಹೆಸರು ಕರೆದರೋ ಅವರು ಮಾತ್ರ ಮಾತಾಡಬೇಕು, ನಡುವೆ ಬಾಯಿ ಹಾಕಿದ ಸಾಲಿಗೆ ಒಂದು ಗುಣ, ಅಂದರೆ ಒಂದು ಅಂಕ, ಕಡಿಮೆ. ನಾನು ಮೂಲೆಯಲ್ಲಿ ಕೂತಿರುತ್ತಿದ್ದೆ. ಆಡಿಸುವ ಪಾಳಿ ದಿನಕ್ಕೊಬ್ಬರದು. ಎಲ್ಲರದೂ ಒಂದೊಂದು ಸಲ ಆಗದೆ ಯಾರದೂ ಎರಡನೆಯ ಸಲ ಇಲ್ಲ, ಎಲ್ಲರದೂ ಎರಡಾಗದೆ ಮೂರನೆಯದಿಲ್ಲ.

ಅದಕ್ಕಾಗಿ ಪಾಳಿ ವಹಿ. ನೂರು ಪುಟದ ನೋಟುಬುಕ್ಕು, ಬಾಗಿಲ ಪಕ್ಕದ ಮೊಳೆಗೆ ದಾರದಿಂದ ತೂಗುಹಾಕಿದ್ದೆ. ಮೂವತ್ತೆಂಟು ಹೆಸರು, ಹೆಸರಿನ ಮುಂದೆ ಒಂದು ಪಾಳಿಗೆ ಒಂದು ಗೆರೆ, ಗೆರೆಯ ಕೆಳಗೆ ತಾರೀಖು. ಯಾರು ಬೇಕಾದರೂ ನೋಡಬಹುದು, ಬರೆಯುವವಳು ನಾನೊಬ್ಬಳೇ. ‘ನಂದು ಒಂದ ಆಗೇತಿ, ಅವಂದು ಎರಡ ಆದುವು’ ಎಂದು ಜಗಳ ಬಂದರೆ ನಾನು ಮಾತಾಡುತ್ತಿರಲಿಲ್ಲ. ವಹಿ ತೆರೆದು ಬೆರಳಿಟ್ಟು ತೋರಿಸುತ್ತಿದ್ದೆ. ಅವರೇ ಎಣಿಸಿ, ಅವರೇ ಹೋಗಿ ಕೂರುತ್ತಿದ್ದರು. ಹೊಸದಾಗಿ ಸೇರಿದ ಮಕ್ಕಳಿಗೆ ಗುರುಬಾಯಿ ಎಂಬ ಚೂಟಿ ಹುಡುಗಿ, “ಅಕ್ಕೋರ ಬೈಯಂಗಿಲ್ಲ, ಹೊಡಿಯಂಗಿಲ್ಲ. ಆದ್ರ ವಹಿ ಸುಳ್ಳ ಹೇಳಂಗಿಲ್ಲ” ಎಂದು ದೊಡ್ಡವಳಂತೆ ತಿಳಿಸಿಕೊಡುತ್ತಿದ್ದಳು.

ಮಾಳವ್ವ ಕುರಿ ಕಾಯುವವರ ಮನೆಯ ಹುಡುಗಿ. ಒಂಬತ್ತು ವರ್ಷ. ಉಗ್ಗುತ್ತಿದ್ದಳು. ಒಂದು ಮಾತು ಹೊರಡಲು ಗದ್ದ ನಡುಗುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆದರೆ ಲೆಕ್ಕದಲ್ಲಿ ಬಲು ಗಟ್ಟಿ. ಸಂಜೆ ಹಟ್ಟಿಗೆ ಬಂದ ಕುರಿಗಳನ್ನು ಎಣಿಸುವ ಕೆಲಸ ಮನೆಯಲ್ಲಿ ಆಕೆಯದೇ ಎಂದು ಆಕೆಯ ತಾಯಿ ಹೇಳಿದ್ದಳು. ಎರಡು ಸಲ ಆಕೆ ಆಟ ಆಡಿಸಿದಾಗಲೂ ಇಡೀ ವರ್ಗ ಕಾದಿತ್ತು. ‘ಕ’ ಎನ್ನುವ ಒಂದು ಅಕ್ಷರ ಆಕೆಯ ತುಟಿ ದಾಟುವವರೆಗೆ ಮೂವತ್ತೇಳು ಮಕ್ಕಳು ಉಸಿರೆತ್ತದೆ ಕೂತಿದ್ದವು, ಒಬ್ಬರೂ ನಗಲಿಲ್ಲ. ನನ್ನ ವಿಧಾನಕ್ಕೆ ಏನಾದರೂ ಬೆಲೆ ಇದ್ದರೆ — ಅದು ಆ ಎರಡು ದಿನಗಳಲ್ಲಿತ್ತು.

ಮೂರನೆಯ ಸುತ್ತಿನಲ್ಲಿ ಆಕೆಯ ಸರದಿ ಬಂದ ವಾರ ಮನೆಯವರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು, ಆಕೆಯೂ ಹೋಗಿದ್ದಳು. ಹಾಗಾಗಿ ಆ ಜಾಗ ಖಾಲಿ ಉಳಿಯಿತು. ಉಳಿದವರದೆಲ್ಲ ಮುಗಿದು, ಕೊನೆಗೆ ಆಕೆಯೊಬ್ಬಳದೇ ಬಾಕಿ. ಆ ಪಾಳಿ ಬಿದ್ದ ದಿನವೇ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಗೊತ್ತಾಯಿತು. ನನ್ನ ವರ್ಗದ ಆಟ ತೋರಿಸಬೇಕೆಂದು ಹೆಡ್ ಮಾಸ್ತರರು ಮೊದಲೇ ನಿಶ್ಚಯಿಸಿದ್ದರು.

ಹಿಂದಿನ ದಿನ ಮಧ್ಯಾಹ್ನ ಅವರು ವರ್ಗಕ್ಕೆ ಬಂದು ವಹಿಯ ಪುಟ ತಿರುವಿದರು. “ನೋಡ್ರಿ ಅಕ್ಕೋರ, ನಾಳೆ ಮಾಳವ್ವನ ಪಾಳಿ ಅಂತಲ್ಲ. ಆಕಿ ಒಂದ ಅಕ್ಷರ ಹೊರಡಸೂದ್ರಾಗ ಸಾಹೇಬ್ರ ಬಸ್ಸು ಸಿಂದಗಿ ಮುಟ್ಟಿರತೈತಿ” ಎಂದು ನಕ್ಕರು. ಆಮೇಲೆ ನಗು ಬಿಟ್ಟು, “ನಿಮ್ಮ ಕಾಯಂ ಆಗೂದು ಅವ್ರು ವಹ್ಯಾಗ ಬರಿಯೂ ಶೆರಾದ ಮ್ಯಾಲ ಐತಿ. ನಾ ಏನೂ ಹೇಳಂಗಿಲ್ಲ. ವಹಿ ನಿಮ್ಮದು” ಎಂದು ಹೋದರು.

ಅವರ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ. ಅವರು ನಿಜಕ್ಕೂ ಏನೂ ಹೇಳಿರಲಿಲ್ಲ. ಮಕ್ಕಳಿಗೆ ಒಂದು ಮಾತು ಹೇಳಿ ಆಕೆಯ ಪಾಳಿಯನ್ನು ಮರುದಿನಕ್ಕೆ ಇಡಬಹುದಿತ್ತು, ಆಟವನ್ನೇ ಬಿಟ್ಟು ಪಾಠ ತೋರಿಸಬಹುದಿತ್ತು. ಇನ್ನೂ ಒಂದು ದಾರಿ ಇತ್ತು — ಮಾಳವ್ವನನ್ನೇ ನಿಲ್ಲಿಸಿ, ಎಲ್ಲರೂ ಕಾಯುವುದನ್ನು ಸಾಹೇಬರೂ ನೋಡಲಿ ಎನ್ನುವುದು. ಅದು ನನ್ನ ತಲೆಗೆ ಹೊಳೆಯಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೊಳೆದಿತ್ತು. ನಾಚಿಕೆಯಾಯಿತು — ಆಕೆಯ ಬಗ್ಗೆ.

ಮಕ್ಕಳು ಹೋದ ಮೇಲೆ ವಹಿ ಇಳಿಸಿಕೊಂಡು ಆಕೆಯ ಹೆಸರಿನ ಮುಂದೆ ಗೆರೆ ಎಳೆದೆ. ಕೆಳಗೆ ತಾರೀಖು ಬೇಕಲ್ಲ. ಆಕೆಯ ಸರದಿ ಬಂದಿದ್ದ ಬುಧವಾರದ ತಾರೀಖನ್ನೇ ಬರೆದೆ. ಲೆಕ್ಕ ಸರಿಹೊಂದಬೇಕೆನ್ನುವ ನನ್ನ ಚಟ ಅಲ್ಲೂ ಬಿಡಲಿಲ್ಲ. ಆದರೆ ಹಾಜರಿ ವಹಿಯಲ್ಲಿ ಅದೇ ಬುಧವಾರ ಆಕೆಯ ಹೆಸರಿನ ಮುಂದೆ ಗೈರು ಎಂದು ನನ್ನ ಕೈಯೇ ಬರೆದಿತ್ತು. ಎರಡು ವಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಯಾರಿಗಾದರೂ ಸಿಕ್ಕುತ್ತಿತ್ತು. ಯಾರೂ ನೋಡಲಿಲ್ಲ.

ಮರುದಿನ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಹೆಡ್ ಮಾಸ್ತರರು. ನಾನು ಕೈ ಎತ್ತಿದೆ. ವರ್ಗ ಸದ್ದಿಲ್ಲದಂತಾಯಿತು. ಮಾಳವ್ವ ಯಾರೂ ಕರೆಯದೆಯೇ ಎದ್ದು ಹಲಗೆಯ ಕಡೆ ಹೊರಟಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆಸಿಕೊಂಡು ಬಂದಿದ್ದಳು.

“ಮೂರು ಸುತ್ತು ಮುಗಿದಾವ. ಇವತ್ತ ನಾಲ್ಕನೇದು. ಈರಣ್ಣ, ಬಾ” ಎಂದೆ.

ಆಕೆ ನಿಂತಳು. “ಅ... ಅಕ್ಕೋರ, ನ... ನಂದು ಎರಡ ಆಗ್ಯಾವ್ರಿ.”

ವಹಿ ತೆರೆದು ಆಕೆಯ ಹೆಸರಿನ ಮೇಲೆ ಬೆರಳಿಟ್ಟೆ, ದಿನಾ ಇಡುತ್ತಿದ್ದ ಹಾಗೆಯೇ. ಒಂದು, ಎರಡು, ಮೂರು. ಆಕೆ ಬಗ್ಗಿ ನೋಡಿದಳು. ಮತ್ತೊಮ್ಮೆ ಎಣಿಸಿದಳು, ತುಟಿ ಅಲುಗಿತು. ಆಮೇಲೆ ನನ್ನ ಮುಖ ನೋಡಿದಳು. ಅದರಲ್ಲಿ ಅನುಮಾನವಿದ್ದಿದ್ದರೆ ಇಂದು ನಾನು ಇಷ್ಟು... ಇಲ್ಲ, ಅನುಮಾನವಿರಲಿಲ್ಲ.

“ವ... ವಹ್ಯಾಗ ಐತಿ ಅಂದ್ರ ನಾನ ಮರ್ತಿರಬೇಕ್ರಿ” ಎಂದಳು. ಹೋಗಿ ಕೂತಳು.

ಈರಣ್ಣ ಚೆನ್ನಾಗಿ ಆಡಿಸಿದ. ಇಡೀ ಅರ್ಧ ಗಂಟೆ ಯಾರೂ ದನಿ ಏರಿಸಲಿಲ್ಲ. ಸಾಹೇಬರು ವಹಿ ತರಿಸಿ ನೋಡಿ, ‘ನ್ಯಾಯವಾದ, ಶಿಸ್ತಿನ ದಾಖಲೆ’ ಎಂದು ಅದೇ ಪುಟದ ಕೆಳಗೆ ಬರೆದು ಸಹಿ ಮಾಡಿದರು. ಹಾಜರಿಗೂ ಅದೇ ಪೆನ್ನಿನಿಂದ ಸಹಿ ಹಾಕಿದರು.

ಆಟ ಬಿಟ್ಟ ಮೇಲೆ ಹೊರಗೆ ಗುರುಬಾಯಿಯ ದನಿ ಕೇಳಿಸಿತು. “ಸಾಹೇಬ್ರ ಮುಂದ ನಿಂದರಬೇಕಂತ ಸುಳ್ಳ ಹೇಳಿದೇನ? ಸುಳ್ಳಬುರಕಿ.” ನಾಲ್ಕಾರು ಮಕ್ಕಳು ಅದನ್ನೇ ಎತ್ತಿಕೊಂಡವು. ಆಗಲಾದರೂ ಹೊರಗೆ ಹೋಗಬಹುದಿತ್ತು. ನಾನು ಕಪಾಟಿಗೆ ಕೀಲಿ ಹಾಕುತ್ತಿದ್ದೆ — ನಿಧಾನವಾಗಿ ಹಾಕುತ್ತಿದ್ದೆ.

ಸೋಮವಾರ ಲೆಕ್ಕ ನೋಡಲು ಮಕ್ಕಳ ಪಾಟಿಗಳನ್ನು ತರಿಸಿಕೊಂಡೆ. ಮಾಳವ್ವನ ಪಾಟಿಯ ಕಟ್ಟಿಗೆಯ ಚೌಕಟ್ಟಿನ ಮೇಲೆ ಚೂಪು ಕಲ್ಲಿನಿಂದ ಕೊರೆದ ಗೀರುಗಳಿದ್ದವು. ಆಕೆಯೂ ತನ್ನ ಪಾಳಿಯ ಲೆಕ್ಕ ಇಟ್ಟುಕೊಂಡಿದ್ದಳು! ಎರಡು ಗೀರು ಹಳೆಯವು, ಕೈಯ ಕೊಳೆ ಕೂತು ಕಪ್ಪಾಗಿದ್ದವು. ಪಕ್ಕದಲ್ಲಿ ಮೂರನೆಯದು, ಹೊಸದು, ಕಟ್ಟಿಗೆಯ ಬಿಳಿ ಕಾಣುತ್ತಿತ್ತು. ನನ್ನ ವಹಿಗೆ ಸರಿಹೊಂದಲಿ ಎಂದು ಆಕೆ ತನ್ನ ಲೆಕ್ಕ ತಿದ್ದಿಕೊಂಡಿದ್ದಳು.

ಪಾಟಿ ತಿರುಗಿಸಿ ಕೊಟ್ಟೆ. ಲೆಕ್ಕಕ್ಕೆ ಹತ್ತಕ್ಕೆ ಹತ್ತು ಗುಣ ಹಾಕಿದ್ದೆ.

ನನ್ನ ನೌಕರಿ ಕಾಯಂ ಆಯಿತು. ಸಾಹೇಬರ ಬಾಯಿಂದ ಸುದ್ದಿ ಹರಡಿ, ದನಿ ಏರಿಸದೆ ಮಕ್ಕಳನ್ನು ಆಡಿಸುವುದು ಹೇಗೆ ಎಂದು ಹೇಳಿಕೊಡಲು ಶಿಕ್ಷಕರ ಸಭೆಗಳಿಗೆ ನನ್ನನ್ನು ಕರೆಯತೊಡಗಿದರು. ಇಂಡಿಯಲ್ಲಿ ಎರಡು ಸಲ, ಮುದ್ದೇಬಿಹಾಳದಲ್ಲಿ ಒಂದು ಸಲ, ಬಸವನ ಬಾಗೇವಾಡಿಯಲ್ಲಿ ಒಂದು ಸಲ. ನಾಲ್ಕು ಸಲವೂ ಅದೇ ವಹಿ ಒಯ್ದೆ, ಅದೇ ಪುಟ ತೆರೆದು ತೋರಿಸಿದೆ, ಸಹಿ ಇತ್ತಲ್ಲ. ಬಾಗೇವಾಡಿಯಲ್ಲಿ ವಯಸ್ಸಾದ ಮಾಸ್ತರರೊಬ್ಬರು ಎದ್ದು, “ಎಲ್ಲಾ ಖರೇರಿ ಬಾಯಾರ. ಮಕ್ಕಳು ವಹಿ ನಂಬತಾವೇನ್ರಿ?” ಎಂದು ಕೇಳಿದರು.

“ತಮ್ಮನ್ನ ತಾವು ನಂಬೂದಕ್ಕಿಂತ ಹೆಚ್ಚಿಗೆ ನಂಬತಾವ್ರಿ” ಎಂದೆ. ಸಭೆ ತಲೆದೂಗಿತು. ನನ್ನ ಬಾಯಿಂದ ಹೊರಟದ್ದು ಏನೆಂದು ನನಗೊಬ್ಬಳಿಗೇ ಗೊತ್ತಿತ್ತು.

ಮಾಳವ್ವ ಆ ವರ್ಷ ಮತ್ತೆ ಪಾಳಿ ಕೇಳಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಹೆಸರು ಬಂದಾಗ ತಲೆ ಅಲ್ಲಾಡಿಸಿ ಕೂತೇ ಇದ್ದಳು. ನಾಲ್ಕನೆಯ ವರ್ಗಕ್ಕೆ ಶಾಲೆ ಬಿಟ್ಟಳು. ಆಮೇಲೆ ನನಗೂ ಬೇರೆ ಊರಿಗೆ ವರ್ಗವಾಯಿತು.

ಹೋದ ತಿಂಗಳು ಸಿಂದಗಿಯ ಸಂತೆಯಲ್ಲಿ ಸಿಕ್ಕಳು. ಈಗ ಹದಿನಾರು. ತಮ್ಮನ ಜೊತೆ ಮರಿಗಳನ್ನು ಹೊಡೆದುಕೊಂಡು ಬಂದಿದ್ದಳು. ಆಕೆಯೇ ಗುರುತಿಸಿ ಓಡಿಬಂದು ಕಾಲು ಮುಟ್ಟಿದಳು. ಏನಾದರೂ ಮಾತಾಡಬೇಕೆಂದು, “ಎಷ್ಟು ಮರಿ ತಂದೀರವ್ವ?” ಎಂದೆ. ಆಕೆ ತಮ್ಮನ ಕಡೆ ತಿರುಗಿದಳು.

ಅವನು ನಕ್ಕ. “ಅಕ್ಕೋರ, ಈಕಿನ್ನ ಲೆಕ್ಕ ಕೇಳಬ್ಯಾಡ್ರಿ. ಹನ್ನೆರಡು ಮರಿ ಇದ್ರ ಹನ್ನೆರಡು ಸಲ ಎಣಸತಾಳ. ಕಡೀಕೆ ನನ್ನ ಕರೀತಾಳ.”

ಆಕೆಯೂ ನಕ್ಕಳು. “ಹೌ... ಹೌದ್ರಿ. ನನ್ನ ಲೆಕ್ಕ ತಪ್ಪತೈತಿ. ನಿ... ನಿಮಗ ಗೊತ್ತೈತೆಲ್ಲ ಅಕ್ಕೋರ, ಸಾಲ್ಯಾಗೂ ಹಂಗ ಆಗಿತ್ತು.”

ನಮ್ಮಿಬ್ಬರಿಗಷ್ಟೇ ಗೊತ್ತಿರುವ ಒಂದು ಹಳೆಯ ತಮಾಷೆಯೆಂಬಂತೆ ಹೇಳಿದಳು. ನಾನು ಅಂದದ್ದು ಇಷ್ಟೇ — “ಹೌದೇನವ್ವ.” ಬಸ್ಸು ಬಂದಿತ್ತು ಎಂದು ಆ ದಿನದ ಪುಟದಲ್ಲಿ ಬರೆದಿದ್ದೇನೆ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು, ಡ್ರೈವರ್ ಚಹಾ ಕುಡಿಯುತ್ತಿದ್ದ. ಒಂದು ಗೆರೆಯಿಂದ ಇಷ್ಟೆಲ್ಲ ಆದೀತೇ, ಬೇರೆ ಕಾರಣಗಳೂ ಇರಬಹುದಲ್ಲ ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಇರಬಹುದು. ಆದರೆ ಆಕೆ ಹೆಸರಿಸಿದ ಕಾರಣ ಅದೊಂದೇ.

ಮನೆಗೆ ಬಂದು, ಆ ದಿನ ವರ್ಗದಲ್ಲಿದ್ದ ಮೂವತ್ತೆಂಟು ಮಕ್ಕಳ ಪಟ್ಟಿ ಮಾಡಿದೆ. ಊರಲ್ಲಿ ಉಳಿದವರು ಹದಿನೇಳು. ಇಂಗಳೇಶ್ವರ, ಮುಳವಾಡ ಎಂದು ಮದುವೆಯಾಗಿ ಹೋದವರು ಒಂಬತ್ತು. ಓದಿಗೆ, ಕೆಲಸಕ್ಕೆ ಹೊರಗಿರುವವರು ಹತ್ತು. ಒಬ್ಬ ತೀರಿಕೊಂಡ, ಒಬ್ಬಳ ಸುದ್ದಿಯಿಲ್ಲ. ಎಲ್ಲರ ಎದುರಿಗೆ ಆದದ್ದನ್ನು ಒಬ್ಬೊಬ್ಬರಿಗೂ ಹೇಳಿ ಮುಗಿಸಬೇಕು ಅಂದುಕೊಂಡೆ. ಪಟ್ಟಿಗೆ ನಂಬರು ಹಾಕಿದೆ. ಸಿಂದಗಿಯಲ್ಲೇ ಹೊಲಿಗೆ ಕಲಿಯುತ್ತಿರುವ ಗುರುಬಾಯಿ ಹತ್ತಿರವಾದ್ದರಿಂದ ಆಕೆಯದು ಮೊದಲನೆಯದು.

ನಿನ್ನೆ ಹೋಗಿ ಹೇಳಿದೆ. ಮಿಷನ್ನಿನ ಮೇಲೆ ಆಕೆಯ ಕಾಲು ನಿಂತಿತು.

“ಅಂದ್ರ ಮಾಳವ್ವ ಖರೇ ಹೇಳಿದ್ಲೇನ್ರಿ?”

“ಹೌದು.”

“ನಾ ಆಕಿಗೆ ವರ್ಷಗಟ್ಲೆ ಸುಳ್ಳಬುರಕಿ ಅಂದೀನ್ರಿ, ಅಕ್ಕೋರ. ನಿಮ್ಮ ವಹಿ ನೋಡಿ ಅಂದೆ.” ದನಿ ಏರಿಸಲಿಲ್ಲ. ಬಟ್ಟೆಯನ್ನು ಮಡಚಿದಳು, ಬಿಡಿಸಿದಳು. “ಆಕಿಗೆ ಹೇಳೀರೇನು?”

“ಇನ್ನೂ ಇಲ್ಲ.”

“ಮೊದಲ ನನ್ನ ಕಡೆ ಬಂದ್ರಿ.” ಆಕೆ ನನ್ನನ್ನು ನೋಡಲಿಲ್ಲ, ಸೂಜಿಯನ್ನೇ ನೋಡುತ್ತಿದ್ದಳು. “ಮತ್ತ ಆಕಿ ಪಾಳಿ ತಪ್ಪಿಸಿದ್ರಿ ನೋಡ್ರಿ.”

ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ನಾನೇ ಹೊರಟು ಬಂದೆ.

ಪಟ್ಟಿಯಲ್ಲಿ ಮಾಳವ್ವನ ನಂಬರು ಮೂವತ್ತಾರು. ಅದನ್ನು ಬಸ್ಸಿನಲ್ಲಿ ಕೂತಾಗ ನೋಡಿದೆ. ಹತ್ತಿರ, ದೂರ ಎಂದು ಲೆಕ್ಕ ಹಾಕಿ ಬರೆದೆ ಅಂದುಕೊಂಡಿದ್ದೆ. ಊರಲ್ಲೇ ಇರುವವಳು ಮೂವತ್ತಾರನೆಯವಳು ಹೇಗಾದಳು? ಈ ಬರಹವೂ ಅಂಥದ್ದೇ. ಇಷ್ಟು ಪುಟ ಓದಿ ಮುಗಿಸುವ ನಿಮಗೆಲ್ಲ ಗೊತ್ತಾಯಿತು, ಆಕೆಗೆ ಗೊತ್ತಿಲ್ಲ.

ನಾಳೆ ಅಮಾವಾಸ್ಯೆ. ಕುರಿ ದೂರ ಹೊಡೆಯುವುದಿಲ್ಲ, ಮನೆಯಲ್ಲಿರುತ್ತಾಳೆ. ಬೆಳಗಿನ ಬಸ್ಸಿಗೆ ಹೋಗುತ್ತೇನೆ. ತಾಯಿಯನ್ನೂ ತಮ್ಮನನ್ನೂ ಕರೆದು ಕೂಡಿಸಿ, ಆ ದಿನ ನಿನ್ನ ಲೆಕ್ಕವೇ ಸರಿ ಇತ್ತು, ಸುಳ್ಳು ಬರೆದವಳು ನಾನು ಎಂದು ಅವರ ಎದುರಿಗೆ ಆಕೆಗೆ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಆಕೆ ಕ್ಷಮಿಸಿಬಿಡುತ್ತಾಳೆ.